ಎಸ್2000ಗೆ ಮುಂದೆ 215, ಹಿಂದೆ 255 ಹಾಕೋದಾ? ಇಲ್ಲ ನಾಲ್ಕೂ ಒಂದೇ ಸೈಜಾ?

ಜರ್ಸಿ_ಎಪಿ2
ಎಲ್ಲರಿಗೂ ನಮಸ್ಕಾರ. ಕಾರು 2006ರ ಹೋಂಡಾ ಎಸ್2000, ಅಮೆರಿಕ ಮಾಡೆಲ್, 2.2 ಲೀಟರ್, ವಿಎಸ್‌ಎ (ಕಾರು ಜಾರದಂತೆ ಹಿಡಿಯೋ ಹೋಂಡಾ ವ್ಯವಸ್ಥೆ) ಇದೆ. ರಿಮ್ ಕಂಪನಿಯದ್ದೇ: ಮುಂದೆ 17×7 ಇಟಿ55 (ಇಟಿ ಅಂದ್ರೆ ಆಫ್‌ಸೆಟ್, ರಿಮ್ ನಡುಗೆರೆಯಿಂದ ಹಬ್‌ಗೆ ಕೂರೋ ಮುಖ ಎಷ್ಟು ಮಿ.ಮೀ. ಹೊರಗಿದೆ ಅನ್ನೋದು), ಹಿಂದೆ 17×8.5 ಇಟಿ65. ಟೈರ್ ಮುಂದೆ 215/45 ಆರ್17, ಹಿಂದೆ 245/40 ಆರ್17. ಸಸ್ಪೆನ್ಷನ್ ಪೂರ್ತಿ ಸ್ಟಾಕ್. ನಾಲ್ಕೂ ಟೈರ್ ಬದಲಾಯಿಸಬೇಕು. ಹೆಚ್ಚಿನ ಓಡಾಟ ರಸ್ತೆ ಮೇಲೆ, ಆಗಾಗ ಟ್ರ್ಯಾಕ್ ಡೇ.

ಮೂರು ದಾರಿ ಕಾಣ್ತಿದೆ. ಒಂದು, ಇದ್ದ ಸೈಜೇ ಮತ್ತೆ. ಎರಡು, ಮುಂದೆ 215 ಬಿಟ್ಟು ಹಿಂದೆ ಮಾತ್ರ 255/40 (ಸಿಆರ್, ಅಂದ್ರೆ ಎಸ್2000ದ ಟ್ರ್ಯಾಕ್ ಮಾಡೆಲ್‌ಗೆ ಹೋಂಡಾನೇ ಇದನ್ನ ಕೊಟ್ಟಿತ್ತಲ್ಲ). ಮೂರು, 17×9 ಇಟಿ63 ರಿಮ್ ತಗೊಂಡು ನಾಲ್ಕೂ 255/40. ಯಾವುದು, ಯಾಕೆ?

ರಿಮ್_ರಾಜಣ್ಣ
ಅಗಲದ ಮಾತು ಆಮೇಲೆ, ಮೊದಲು ವ್ಯಾಸ ನೋಡಿ ಸರ್. ಟೈರ್ ಅಗಲವನ್ನ (ಮೊದಲ ಅಂಕಿ) ಪ್ರೊಫೈಲ್ ಶೇಕಡಾದಿಂದ (ಗೆರೆ ಆಚೆಯ ಅಂಕಿ) ಗುಣಿಸಿ ಎರಡರಷ್ಟು ಮಾಡಿ, ರಿಮ್ ಇಂಚನ್ನ 25.4ರಿಂದ ಗುಣಿಸಿ ಅದಕ್ಕೆ ಕೂಡಿಸಿದ್ರೆ ಮಿ.ಮೀ. ಲೆಕ್ಕದಲ್ಲಿ ವ್ಯಾಸ ಸಿಗುತ್ತೆ.

215/45 ಆರ್17: 625.3
225/45 ಆರ್17: 634.3
245/40 ಆರ್17: 627.8
255/40 ಆರ್17: 635.8

ಕಂಪನಿ ಸೈಜ್‌ನಲ್ಲಿ ಮುಂದಿನ ವ್ಯಾಸ ÷ ಹಿಂದಿನ ವ್ಯಾಸ = 0.996. ಅಂದ್ರೆ ಹೆಚ್ಚುಕಮ್ಮಿ ಸಮ. ನೀವು ಹಿಂದೆ ಮಾತ್ರ 255 ಹಾಕಿದ್ರೆ 0.983 ಆಗುತ್ತೆ. ಎಬಿಎಸ್, ವಿಎಸ್‌ಎ ಎರಡೂ ನಾಲ್ಕು ಚಕ್ರದ ವೇಗವನ್ನ ಒಂದಕ್ಕೊಂದು ಹೋಲಿಸಿ ನೋಡ್ತಾ ಇರ್ತವೆ. ದೊಡ್ಡ ಟೈರ್ ನಿಧಾನ ತಿರುಗುತ್ತೆ, ಅದನ್ನ ಕಂಪ್ಯೂಟರ್ "ಹಿಂದಿನ ಚಕ್ರ ಲಾಕ್ ಆಗೋ ಕಡೆ ಹೋಗ್ತಿದೆ" ಅಂತ ಓದ್ಕೊಳ್ಳುತ್ತೆ. ಜೋರು ಬ್ರೇಕ್‌ನಲ್ಲಿ ಹಿಂದಿನ ಬ್ರೇಕನ್ನ ಸ್ವಲ್ಪ ಬೇಗ ಸಡಿಲ ಮಾಡಬಹುದು. ಕಂಪನಿ ಅನುಪಾತದಿಂದ ಶೇ 1ರ ಒಳಗೇ ಇದ್ರೆ ತಲೆನೋವಿಲ್ಲ. ನಿಮ್ಮ ಎರಡನೇ ದಾರಿ ಶೇ 1.3 ಆಚೆ ಹೋಗುತ್ತೆ.

ನಾಲ್ಕೂ 255 ಹಾಕಿದ್ರೆ ಅನುಪಾತ 1.000. ಅಲ್ಲಿ ತೊಂದರೆ ಇಲ್ಲ. ಸ್ಪೀಡೋಮೀಟರ್ ಮಾತ್ರ 100 ತೋರಿಸುವಾಗ ಕಾರು ಮೊದಲಿಗಿಂತ ಶೇ 1.3 ಜೋರಾಗಿ ಹೋಗ್ತಿರುತ್ತೆ.

ಹುಬ್ಳಿ_9000
ರಾಜಣ್ಣನೋರ ಲೆಕ್ಕ ಖರೆ ಐತಿ, ಆದ್ರ ಎಬಿಎಸ್ ಹೆದರಿಕೆ ಸ್ವಲ್ಪ ಜಾಸ್ತಿ ಆತು ನೋಡ್ರಿ. ಹೊಸ ಟೈರ್‌ನ್ಯಾಗ ಸುಮಾರು 8 ಮಿ.ಮೀ. ಟ್ರೆಡ್ (ಕೊರೆದ ಗೆರಿ ಆಳ) ಇರ್ತೈತಿ. ಅದು 2ಕ್ಕ ಬಂದ್ರ ವ್ಯಾಸ 12 ಮಿ.ಮೀ. ಕಡಿಮಿ ಆಗ್ತೈತಿ, ಹತ್ತತ್ರ ಶೇ 2. ಎಸ್2000ದಾಗ ಹಿಂದಿನ ಟೈರ್ ಮುಂದಿನದ್ದಕ್ಕಿಂತ ಭಾಳ ಲಗೂನ ಸವೀತಾವ. ಅಂದ್ರ ಕಂಪನಿ ಸೈಜ್ ಇದ್ರೂ ಈ ಅನುಪಾತ ಕಾಲಕಾಲಕ್ಕ ಹಿಂದ ಮುಂದ ಆಗ್ತಿರ್ತೈತಿ, ಅದಕ್ಕ ದೀಪ ಹತ್ತಂಗಿಲ್ಲ. 215ರ ಜೋಡಿ ಹಿಂದ 255 ಹಾಕಿ, ಹಿಂದಿನವು ಮುಂದಿನವಕ್ಕಿಂತ 3 ಮಿ.ಮೀ. ಹೆಚ್ಚು ಸವದ್ರ ಅನುಪಾತ ತಾನಾಗೇ 0.993ಕ್ಕ ಬರ್ತೈತಿ.

215/255 ಬ್ಯಾಡ ಅನ್ನಾಕ ಖರೆ ಕಾರಣ ಬ್ಯಾರೆ ಐತಿ. ಈ ಕಾರಿನ ತೂಕ ಮುಂದ ಹಿಂದ ಅರ್ಧರ್ಧ. ತೂಕ ಸಮ ಇದ್ದ ಕಾರಿಗೆ ಹೋಂಡಾ 30 ಮಿ.ಮೀ. ಅಗಲದ ಫರಕ್ ಕೊಟ್ಟಿದ್ದು ಹಿಂಭಾಗ ಗಟ್ಟಿ ಕೂರಲಿ ಅಂತ. 1999ರ ಮೊದಲ್ನೇ ಎಸ್2000, ಅಂದ್ರ ಎಪಿ1ಗೆ ಮುಂದ 205/55 ಆರ್16, ಹಿಂದ 225/50 ಆರ್16 ಇತ್ತು, ಫರಕ್ 20 ಅಷ್ಟ. ತಿರುವಿನ ನಡುವ ಎಕ್ಸಲರೇಟರ್ ಬಿಟ್ರ ಬಾಲ ಬೀಸೂದು ಆ ಕಾರಿನ ಹೆಸರಾಗೇ ಹೋತು. ಆಮ್ಯಾಲೆ ಎಪಿ2 (ನಿಮ್ಮ ಕಾರಿನ ಪೀಳಿಗಿ) ಬಂದಾಗ ಹಿಂದಿನ ಸಸ್ಪೆನ್ಷನ್‌ದಾಗ ಟೋ (ಚಕ್ರದ ಮುಂತುದಿ ಒಳಗ ಹೊರಗ ತಿರುಗಿರೂ ಕೋನ) ಬದಲಾಗೂದನ್ನ ಕಡಿಮಿ ಮಾಡಿ, ಟೈರ್‌ನೂ 215/245 ಮಾಡಿದ್ರು. ಈಗ ನೀವು ಹಿಂದ ಇನ್ನೊಂದು 10 ಕೂಡಿಸಿದ್ರ ಫರಕ್ 40. ಮುಂದಿನ ಟೈರ್ ಮೊದಲ ಸೋಲ್ತೈತಿ, ಮೂತಿ ಹೊರಗ ಹೋಗ್ತೈತಿ. ಟ್ರ್ಯಾಕ್‌ದಾಗ ಮುಂದಿನ 215ರ ಹೊರ ಅಂಚು ಹರದು ಚಿಂದಿ ಆಗ್ತೈತಿ.

ಸಿಆರ್ ಹೋಲಿಕೆ ಬ್ಯಾಡ್ರಿ. ಅದಕ್ಕ ದೊಡ್ಡ ವಿಂಗ್, ಗಟ್ಟಿ ಸ್ಪ್ರಿಂಗ್, ಬ್ಯಾರೆ ಆಂಟಿ-ರೋಲ್ ಬಾರ್ (ತಿರುವಿನ್ಯಾಗ ಕಾರು ವಾಲೂದನ್ನ ತಡಿಯೂ ಸರಳು) ಎಲ್ಲಾ ಅದಾವ. ಅದರ ಟೈರ್ ಅಷ್ಟ ಕಿತ್ತು ತಂದ್ರ ಆ ಸೆಟಪ್ ಬರಂಗಿಲ್ಲ.

ಜರ್ಸಿ_ಎಪಿ2
ಸರಿ, 215/255 ಬಿಟ್ಟೆ. ಹಾಗಾದ್ರೆ ಮುಂದೆ 225/45, ಹಿಂದೆ 255/40? ರಾಜಣ್ಣನವರ ಪಟ್ಟಿ ಪ್ರಕಾರ ಅನುಪಾತ 0.998 ಬರುತ್ತೆ. ಅಗಲದ ಫರಕ್ಕೂ 30ಕ್ಕೇ ವಾಪಸ್. ರಿಮ್ ಬದಲಾಯಿಸೋದೂ ಬೇಡ.

ಅಲೈನ್‌ಮೆಂಟ್_ಅಕ್ಕ
ಕಾಗದದ ಮೇಲೆ ಚೆಂದ ಕಾಣುತ್ತೆ. ರಿಮ್ ಅಗಲ ನೋಡಿ. 225/45 ಆರ್17ಗೆ ಒಪ್ಪಿದ ರಿಮ್ 7.0ರಿಂದ 8.5 ಇಂಚು. 255/40 ಆರ್17ಗೆ 8.5ರಿಂದ 10.0. ನಿಮ್ಮ ರಿಮ್ 7 ಮತ್ತು 8.5. ಎರಡೂ ಕಡೆ ಕನಿಷ್ಠ ಮಿತಿಯಲ್ಲೇ ನಿಂತಿದ್ದೀರಿ. ಹಾಕಬಾರದು ಅಂತಲ್ಲ, ಕೂರುತ್ತೆ. ಆದ್ರೆ ಕಿರಿದಾದ ರಿಮ್ ಮೇಲೆ ಅಗಲದ ಟೈರ್ ಕೂತಾಗ ಸೈಡ್‌ವಾಲ್ ಒಳಕ್ಕೆ ಬಾಗಿ ಬರುತ್ತೆ. ಸ್ಟೀರಿಂಗ್ ತಿರುಗಿಸಿದಾಗ ಮೊದಲು ಸೈಡ್‌ವಾಲ್ ವಾಲಬೇಕು, ಆಮೇಲೆ ಕಾರು ತಿರುಗಬೇಕು. ಎಸ್2000 ತಗೊಂಡಿರೋದೇ ಆ ಚುರುಕಿಗೆ. ಜೊತೆಗೆ ಅರ್ಧ ಇಂಚು ರಿಮ್ ಕಡಿಮೆ ಆದ್ರೆ ಟೈರಿನ ಅಳತೆಯ ಅಗಲ ಸುಮಾರು 5 ಮಿ.ಮೀ. ಕುಗ್ಗುತ್ತೆ. 225ರ ಅಗಲ ಅಳೆಯೋದು 7.5 ಇಂಚಿನ ರಿಮ್ ಮೇಲೆ. ನಿಮ್ಮ 7ರ ಮೇಲೆ ಅದು 220 ಚಿಲ್ಲರೆ. ದುಡ್ಡು ಕೊಟ್ಟ 10 ಮಿ.ಮೀ.ನಲ್ಲಿ ಅರ್ಧ ಅಲ್ಲೇ ಹೋಯ್ತು.

ಅದಕ್ಕಿಂತ ಮುಖ್ಯ ವಿಷಯ ಇನ್ನೂ ಯಾರೂ ಕೇಳಿಲ್ಲ: ಅಲೈನ್‌ಮೆಂಟ್ ಕೊನೆಗೆ ಮಾಡಿಸಿದ್ದು ಯಾವಾಗ? ಮುಂದಿನ ಕ್ಯಾಂಬರ್ (ಚಕ್ರದ ಮೇಲ್ತುದಿ ವಾಲಿರೋ ಕೋನ, ಒಳಕ್ಕೆ ವಾಲಿದ್ರೆ ಮೈನಸ್) ಕಂಪನಿ ಲೆಕ್ಕದಲ್ಲಿ ಮೈನಸ್ ಅರ್ಧ ಡಿಗ್ರಿ ಆಸುಪಾಸು, ಹಿಂದೆ ಮೈನಸ್ ಒಂದೂವರೆ. ಸ್ಟಾಕ್ ಎತ್ತರದಲ್ಲೇ ಮುಂದೆ ಮೈನಸ್ ಒಂದರ ಆಚೆ ತರೋದಕ್ಕೆ ಸಾಮಾನ್ಯವಾಗಿ ಆಗುತ್ತೆ, ಎಷ್ಟು ಅನ್ನೋದು ಕಾರಿಂದ ಕಾರಿಗೆ ಬೇರೆ. ಅದೊಂದರಿಂದ ಮೂಗಿಗೆ ಸಿಗೋ ಹಿಡಿತ 10 ಮಿ.ಮೀ. ಅಗಲಕ್ಕಿಂತ ಜಾಸ್ತಿ.

ನ್ಯೂ ಜರ್ಸಿ ಅಂದ್ರೆ ಚಳಿಗಾಲದ ಉಪ್ಪು. ಈ ಕಾರಿನ ಕೆಳಗಿನ ಆರ್ಮ್‌ಗಳ ಅಡ್ಜಸ್ಟರ್ ಬೋಲ್ಟ್‌ಗಳು ಬುಷ್ (ಆರ್ಮ್ ತುದಿಯ ರಬ್ಬರ್ ಕೀಲು) ಒಳಗಿನ ಉಕ್ಕಿನ ಕೊಳವೆಗೆ ತುಕ್ಕು ಹಿಡಿದು ಅಂಟಿಕೊಂಡುಬಿಡ್ತವೆ. ಅಂಗಡಿಯವರು ನಟ್ ಬಿಚ್ಚಿ ಬೋಲ್ಟ್ ತಿರುಗಿಸ್ತಾರೆ, ಅದರ ಜೊತೆ ಬುಷ್ ರಬ್ಬರೂ ತಿರುಚಿಕೊಳ್ಳುತ್ತೆ, ಸ್ಕ್ರೀನ್ ಮೇಲೆ ಅಂಕಿ ಸರಿ ಬರುತ್ತೆ, ವಾರದೊಳಗೆ ವಾಪಸ್ ಹೋಗುತ್ತೆ. ಮೊದಲೇ ಎರಡು ಮೂರು ದಿನ ತುಕ್ಕು ಬಿಡಿಸೋ ಎಣ್ಣೆ ಹೊಡೆದು ನೆನೆಯೋಕೆ ಬಿಡಿ. ನಟ್ ಸಡಿಲ ಮಾಡಿದ ಮೇಲೆ ಬೋಲ್ಟ್ ತಲೆ ಸ್ವತಂತ್ರವಾಗಿ ತಿರುಗ್ತಿದೆಯಾ ನೋಡಿ. ಇಲ್ಲಾಂದ್ರೆ ಬೋಲ್ಟ್ ಕತ್ತರಿಸಿ ಹೊಸ ಬುಷ್, ಹೊಸ ಬೋಲ್ಟ್ ಹಾಕಬೇಕು, ಆ ಖರ್ಚನ್ನ ಟೈರ್ ಬಜೆಟ್‌ನಲ್ಲೇ ಇಟ್ಕೊಳ್ಳಿ. ಹೊಸ ಬೋಲ್ಟ್‌ಗೆ ಆಂಟಿ-ಸೀಝ್ ಪೇಸ್ಟ್ ಬಳಿಯೋದು ಮರೀಬೇಡಿ.

ವಿ_ಟೆಕ್_ವಿಶು
ಇಷ್ಟೆಲ್ಲಾ ಯಾಕ್ ಗುರು, ಅಗಲ ಜಾಸ್ತಿ ಆದಷ್ಟು ರಬ್ಬರ್ ಜಾಸ್ತಿ, ರಬ್ಬರ್ ಜಾಸ್ತಿ ಆದಷ್ಟು ಗ್ರಿಪ್ಪು. 255 ನಾಲ್ಕೂ ಕಡೆ ಹಾಕಿ, ಕಥೆ ಮುಗೀತು.

ರಿಮ್_ರಾಜಣ್ಣ
ಅಷ್ಟು ಸಲೀಸಾಗಿದ್ರೆ ಹೋಂಡಾನೇ ಹಾಕ್ತಿತ್ತು. ಟೈರ್ ನೆಲಕ್ಕೆ ತಾಗೋ ಜಾಗದ ವಿಸ್ತೀರ್ಣವನ್ನ ಬಹುಮಟ್ಟಿಗೆ ತೀರ್ಮಾನಿಸೋದು ಅದರ ಮೇಲಿನ ಭಾರ ಮತ್ತು ಒಳಗಿನ ಗಾಳಿ. ಅಗಲ ಮಾಡಿದ್ರೆ ಆ ಜಾಗದ ಆಕಾರ ಬದಲಾಗುತ್ತೆ, ಉದ್ದ ಕಮ್ಮಿಯಾಗಿ ಅಡ್ಡ ಜಾಸ್ತಿ ಆಗುತ್ತೆ. ತಿರುವಿನಲ್ಲಿ ಅದರಿಂದ ಲಾಭ ಇದೆ, ಟ್ರ್ಯಾಕ್‌ನಲ್ಲಿ ಶಾಖ ತಡೆಯೋಕೆ ರಬ್ಬರೂ ಹೆಚ್ಚು ಸಿಗುತ್ತೆ. ಆದ್ರೆ ಕ್ಯಾಂಬರ್ ಸಾಲದಿದ್ದಾಗ ಅಗಲದ ಟೈರ್ ತನ್ನ ಹೊರ ಅಂಚಿನ ಮೇಲೆ ಮಾತ್ರ ನಿಲ್ಲುತ್ತೆ, ಒಳಗಿನ ಅರ್ಧ ಸುಮ್ಮನೆ ಹೊತ್ಕೊಂಡು ಓಡಾಡೋ ಭಾರ.

ಇನ್ನು ಕಾಂಪೌಂಡ್, ಅಂದ್ರೆ ರಬ್ಬರ್ ಮಿಶ್ರಣ. 200 ಟ್ರೆಡ್‌ವೇರ್‌ನ (ಸವೆತದ ಅಂಕಿ, ಕಮ್ಮಿ ಇದ್ದಷ್ಟು ರಬ್ಬರ್ ಮೆತ್ತಗೆ) ಒಳ್ಳೆ 215, ಆಲ್ ಸೀಸನ್ 255ನ ಒಣ ರಸ್ತೆಯಲ್ಲಿ ಹಿಂದೆ ಬಿಟ್ಟು ಹೋಗುತ್ತೆ. ಎರಡು ಹೆಜ್ಜೆ ಒಳ್ಳೆ ರಬ್ಬರ್‌ಗೆ ಹಾಕೋ ದುಡ್ಡು ಎರಡು ಹೆಜ್ಜೆ ಅಗಲಕ್ಕೆ ಹಾಕೋ ದುಡ್ಡಿಗಿಂತ ಹೆಚ್ಚು ಫಲ ಕೊಡುತ್ತೆ.

ವಿ_ಟೆಕ್_ವಿಶು
ಹಾಗಿದ್ರೆ ಟ್ರ್ಯಾಕ್‌ಗೆ ಹೋಗೋ ಎಸ್2000ಗಳೆಲ್ಲ ಯಾಕೆ ನಾಲ್ಕೂ 255ರಲ್ಲಿ ಓಡ್ತಿವೆ?

ಹುಬ್ಳಿ_9000
ಓಡ್ತಾವ, ಆದ್ರ ಅವು ಟೈರ್ ಅಷ್ಟ ಬದಲಿ ಮಾಡಿದ ಕಾರ್ ಅಲ್ಲ ತಮ್ಮಾ. 255 ಸೈಜ್‌ಗೆ ಹೋಗಾಕ ಒಂದು ಕಾರಣ ಮಾರ್ಕೆಟ್. ಯೊಕೊಹಾಮಾ ಎ052, ಬ್ರಿಡ್ಜ್‌ಸ್ಟೋನ್ ಆರ್‌ಇ-71ಆರ್‌ಎಸ್ ಥರದ್ದು ತೀರಾ ಜಿಗುಟು ಟೈರ್ 255/40 ಆರ್17ದಾಗ ಸಿಗ್ತಾವ. ನಾಲ್ಕೂ ಒಂದೇ ಇದ್ರ ಮುಂದಿಂದ ಹಿಂದಕ್ಕ ಅದಲಿ ಬದಲಿ ಮಾಡಬಹುದು, ಟೈರ್ ಬಾಳಿಕಿ ಬರ್ತೈತಿ. 215/245 ಇದ್ದಾಗ ಅದು ಆಗಂಗಿಲ್ಲ, ಟೈರ್ ಒಂದೇ ದಿಕ್ಕಿಗೆ ತಿರುಗೂ ಜಾತಿ ಆದ್ರ ಎಡ ಬಲ ಬದಲಿಸಾಕೂ ರಿಮ್‌ನಿಂದ ಬಿಚ್ಚಬೇಕಾಗ್ತೈತಿ.

ಈಗ ಬೆಲಿ ಕಟ್ಟೂ ಮಾತು. ಮುಂದ 40 ಮಿ.ಮೀ. ಕೂಡಿಸಿ ಹಿಂದ 10 ಅಷ್ಟ ಕೂಡಿಸಿದ್ರಿ ಅಂದ್ರ ಮೂತಿ ಹಿಡಿತ ಒಮ್ಮಿಗೆ ಏರ್ತೈತಿ, ಹಿಂಭಾಗ ಸಡ್ಲ ಆಗ್ತೈತಿ. ಸ್ಟಾಕ್ ಸಸ್ಪೆನ್ಷನ್ ಮ್ಯಾಲೆ ಹಿಂಗ ಮಾಡಿದ್ರ ಜೋರು ತಿರುವಿನ್ಯಾಗ ಕಾರು ತಿರುಗಿ ನಿಲ್ಲಾಕ ಕಾಯ್ತಿರ್ತೈತಿ. ಅದನ್ನ ಸರಿ ಮಾಡಾಕ ಮುಂದ ದಪ್ಪನ ಆಂಟಿ-ರೋಲ್ ಬಾರ್ ಬೇಕು, ಹಿಂದಿನ ಬಾರ್ ಕಂಪನಿದೇ ಇರಲಿ. ಮುಂದಿನ ಕ್ಯಾಂಬರ್ ಮೈನಸ್ ಎರಡೂವರಿಯಿಂದ ಮೂರು, ಹಿಂದ ಟೋ-ಇನ್ (ಚಕ್ರದ ಮುಂತುದಿ ಒಳಮುಖ ಇರೂದು) ತಗದು ಹಾಕಬ್ಯಾಡ್ರಿ. ಜೋರಾಗಿ ಓಡೂ ಟ್ರ್ಯಾಕ್ ಇದ್ರ ಹಿಂದ ವಿಂಗ್. ಇಷ್ಟು ಮಾಡಿದ ಮ್ಯಾಲೆ 255 ಭಾಳ ಚಂದ.

ಜರ್ಸಿ_ಎಪಿ2
17×9 ಇಟಿ63 ಮುಂದೆ ಕೂರುತ್ತಾ? ಎಷ್ಟು ಹೊರಗೆ ಬರುತ್ತೆ?

ರಿಮ್_ರಾಜಣ್ಣ
ಮುಂದೆ: 7ರಿಂದ 9 ಇಂಚು ಅಂದ್ರೆ ಅಗಲ 50.8 ಮಿ.ಮೀ. ಹೆಚ್ಚು, ಎರಡೂ ಬದಿಗೆ 25.4. ಇಟಿ 55ರಿಂದ 63 ಆದಾಗ ಇಡೀ ರಿಮ್ 8 ಮಿ.ಮೀ. ಒಳಕ್ಕೆ ಸರಿಯುತ್ತೆ. ಹಾಗಾಗಿ ಹೊರ ಅಂಚು 17.4 ಹೊರಗೆ, ಒಳ ಅಂಚು 33.4 ಒಳಗೆ. ಹಿಂದೆ: 8.5ರಿಂದ 9, ಇಟಿ 65ರಿಂದ 63, ಹೊರಕ್ಕೆ 8.35, ಒಳಕ್ಕೆ 4.35.

ಮುಂದಿನ ಫೆಂಡರ್‌ನ ಒಳ ತುಟಿ ಮಡಿಸಲೇಬೇಕು. ಬಣ್ಣವನ್ನ ಹೀಟ್ ಗನ್‌ನಿಂದ ಬೆಚ್ಚಗೆ ಮಾಡ್ತಾ, ರೋಲರನ್ನ ಸ್ವಲ್ಪ ಸ್ವಲ್ಪವೇ ಒತ್ತಿ ಹಲವು ಸುತ್ತು ಓಡಿಸಿ. ಒಂದೇ ಸಲಕ್ಕೆ ಮಡಿಸಿದ್ರೆ ಬಣ್ಣ ಬಿರುಕು ಬಿಟ್ಟು, ನಿಮ್ಮ ಕಡೆಯ ಉಪ್ಪಿಗೆ ಅಲ್ಲಿಂದಲೇ ತುಕ್ಕು ಶುರು. ಹಿಂದೆ ಬಂಪರ್ ಮತ್ತು ಫೆಂಡರ್ ಕೂಡುವ ಮೂಲೆಯ ತುದಿ ಟೈರನ್ನ ಕೊಯ್ಯುತ್ತೆ, ಅದನ್ನೂ ನೋಡಿ.

ಕಾರು ನಿಂತಿರುವಾಗ ಬೆರಳು ತೂರಿಸಿ ನೋಡಿದ್ರೆ ಏನೂ ಗೊತ್ತಾಗಲ್ಲ. ಒಂದು ಮೂಲೆಯ ಸ್ಪ್ರಿಂಗ್ ತೆಗೆದು, ಚಕ್ರ ಹಾಕಿ, ಜ್ಯಾಕ್‌ನಿಂದ ಬಂಪ್ ಸ್ಟಾಪ್ (ಸಸ್ಪೆನ್ಷನ್ ಕೊನೆ ಮಿತಿಯ ರಬ್ಬರ್) ತಾಗೋವರೆಗೆ ಎತ್ತಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಒಳಗೆ 33 ಮಿ.ಮೀ. ಹೋಗಿದೆ, ಲೈನರ್ ಉಜ್ಜೋದು ಅಲ್ಲಿ ಕಾಣುತ್ತೆ. ಇನ್ನೊಂದು: ಎ052 ಥರದ ಟೈರ್‌ಗಳು ಬರೆದ ಸೈಜ್‌ಗಿಂತ ಅಗಲವಾಗೇ ಬರ್ತವೆ. ತಯಾರಕರ ಪಟ್ಟಿಯಲ್ಲಿ ನಿಜವಾದ ವ್ಯಾಸ, ಅಗಲ ಎರಡೂ ಕೊಟ್ಟಿರ್ತಾರೆ, ನನ್ನ ಲೆಕ್ಕಕ್ಕಿಂತ ಅದನ್ನ ನಂಬಿ.

ನಟ್ ಬಗ್ಗೆ: ಹೋಂಡಾ ರಿಮ್‌ಗೆ ಗುಂಡು ತಳದ ನಟ್, ಹೊರಗಿನ ರಿಮ್‌ಗಳಿಗೆ ಬಹುತೇಕ 60 ಡಿಗ್ರಿ ಶಂಕುವಿನಾಕಾರದ್ದು. ಎರಡರ ಥ್ರೆಡ್ಡೂ ಎಂ12×1.5 ಆದ್ದರಿಂದ ಹಳೇ ನಟ್ ಹೊಸ ರಿಮ್‌ಗೆ ಏರಿಬಿಡುತ್ತೆ, ಆದ್ರೆ ಅಂಚಿನಲ್ಲಿ ಮಾತ್ರ ಕೂತಿರುತ್ತೆ, ಓಡಿದಂತೆ ಸಡಿಲ ಆಗುತ್ತೆ. ಬಿಗಿ 108 ನ್ಯೂಟನ್ ಮೀಟರ್. ಹಬ್ ರಿಂಗ್ (ರಿಮ್‌ನ ನಡು ತೂತನ್ನ ಹಬ್ ಮೇಲೆ ಸರಿಯಾಗಿ ಕೂರಿಸೋ ಬಳೆ) ತರಿಸೋ ಮುಂಚೆ ಮುಂದಿನ ಹಬ್, ಹಿಂದಿನ ಹಬ್ ಬೇರೆ ಬೇರೆಯಾಗಿ ವರ್ನಿಯರ್‌ನಲ್ಲಿ ಅಳೆಯಿರಿ. ಒಂದೇ ಇರುತ್ತೆ ಅಂತ ಅಂದ್ಕೋಬೇಡಿ.

ಕೋವೆಂಟ್ರಿ_ಕನ್ನಡಿಗ
ಇಂಗ್ಲೆಂಡಿನ ಕಡೆಯಿಂದ ಮಳೆ ಬಗ್ಗೆ ಒಂದು ಮಾತು. ಅಗಲದ ಟೈರ್, ಸವೆದ ಟ್ರೆಡ್, ಹಗುರ ಕಾರು: ಈ ಮೂರೂ ಸೇರಿದ್ರೆ ನೀರಿನ ಮೇಲೆ ತೇಲೋದು ಬೇಗ. ನಾಸಾದವರ ಹಳೇ ಸೂತ್ರದ ಪ್ರಕಾರ ನಿಂತ ನೀರಿನಲ್ಲಿ ಟೈರ್ ತೇಲಲು ಶುರುವಾಗೋ ವೇಗ ಗಾಳಿ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ: 32 ಪಿಎಸ್‌ಐಗೆ ಗಂಟೆಗೆ ಸುಮಾರು 94 ಕಿ.ಮೀ., 26ಕ್ಕೆ ಸುಮಾರು 85. ಟ್ರೆಡ್ ಚೆನ್ನಾಗಿದ್ರೆ ಇದಕ್ಕಿಂತ ಮೇಲೆ, ನುಣ್ಣಗಾಗಿದ್ರೆ ಇಷ್ಟೇ. ಟ್ರ್ಯಾಕ್‌ನಲ್ಲಿ ಗಾಳಿ ಇಳಿಸಿ, ಹಾಗೇ ಮಳೆಯಲ್ಲಿ ಮನೆಗೆ ಹೊರಟವರು ಮೋಟಾರ್‌ವೇಯಲ್ಲಿ ತಿರುಗಿ ಬೀಳೋದು ಇದರಿಂದಲೇ.

ಎಪಿ1 ಇಟ್ಕೊಂಡವರಿಗೆ: 16 ಇಂಚಿಗೆ ಒಳ್ಳೆ ಟೈರ್ ಆಯ್ಕೆ ಕಮ್ಮಿ ಆಗ್ತಾ ಬಂದಿದೆ. ಎಪಿ2ನ 17 ಇಂಚಿನ ಸೆಟ್ ನೇರವಾಗಿ ಕೂರುತ್ತೆ. ವ್ಯಾಸ ಮುಂದೆ 631.9ರಿಂದ 625.3, ಹಿಂದೆ 631.4ರಿಂದ 627.8, ಅನುಪಾತ 1.001ರಿಂದ 0.996. ಫರಕ್ಕು 30 ಆಗೋದ್ರಿಂದ ಬಾಲ ಬೀಸೋದೂ ತಗ್ಗುತ್ತೆ. ಇಲ್ಲಿ ಇನ್ಶೂರೆನ್ಸ್‌ನವರಿಗೆ ರಿಮ್ ಬದಲಾವಣೆ ತಿಳಿಸಲೇಬೇಕು.

ಕಮ್ಮಿ ಓಡಿದ ಎಸ್2000ಗಳಲ್ಲಿ ಟ್ರೆಡ್ ತುಂಬ ಇದ್ದು ರಬ್ಬರ್ ಕಲ್ಲಾಗಿರುತ್ತೆ. ಸೈಡ್‌ವಾಲ್‌ನ ಕೊನೆಯ ನಾಲ್ಕು ಅಂಕಿ ನೋಡಿ, 2316 ಅಂದ್ರೆ 2016ರ 23ನೇ ವಾರ. ಅಂಥ ಟೈರ್ ಹಿಂದೆ, ಹೊಸದು ಮುಂದೆ ಹಾಕೋದು ಈ ಕಾರಿಗೆ ಅತಿ ಕೆಟ್ಟ ಜೋಡಿ. ಸಮ್ಮರ್ ಟೈರ್ ಆದ್ರೆ 7 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೊಸದಾದ್ರೂ ಅದೇ ಕಥೆ.

ರಾಜಾಜಿನಗರ_718
ಸ್ವಲ್ಪ ಬೇರೆ ಪ್ರಶ್ನೆ. ಬೆಂಗಳೂರಿನಲ್ಲಿ ಪೋರ್ಷೆ 718 ಕೇಮನ್, 20 ಇಂಚಿನ ರಿಮ್, ಮುಂದೆ 235/35, ಹಿಂದೆ 265/35. ಗುಂಡಿಗೆ ಬಿದ್ದು ಸೈಡ್‌ವಾಲ್ ಉಬ್ಬು ಬರ್ತಿದೆ. ಇಲ್ಲಿ ಹೇಳಿದ ಹಾಗೆ ಮುಂದೆ ಹಿಂದೆ ವ್ಯಾಸ ಸಮ ಬರೋ ಥರ 18ಕ್ಕೆ ಇಳಿಸಬಹುದಾ?

ರಿಮ್_ರಾಜಣ್ಣ
ಸಮ ಮಾಡಬೇಡಿ! ಎಸ್2000ದ ಅನುಪಾತ ಎಸ್2000ಗೆ. ಕೇಮನ್ ಎಂಜಿನ್ ಹಿಂದಿನ ಅಚ್ಚಿನ ಮುಂದೆ ಕೂತಿದೆ, ತೂಕ ಹಿಂದೆ ಜಾಸ್ತಿ, ಹಿಂದಿನ ಟೈರ್ ಎತ್ತರದಲ್ಲೂ ದೊಡ್ಡದು. ನಿಮ್ಮ 20ರಲ್ಲಿ 672.5 ಮತ್ತು 693.5, ಅನುಪಾತ 0.970. ಕಂಪನಿಯ 19ರಲ್ಲಿ 235/40, 265/40: 0.965. ಕಂಪನಿಯ 18ರಲ್ಲಿ 235/45, 265/45: 668.7 ಮತ್ತು 695.7, 0.961. ಮೂರೂ ಒಂದೇ ಕುಟುಂಬ. ಇದನ್ನ 1.000 ಮಾಡಿದ್ರೆ ಶೇ 3 ಆಚೆ ಹೋಗುತ್ತೆ, ಪಿಎಸ್‌ಎಂ (ವಿಎಸ್‌ಎ ಥರದ್ದೇ ಪೋರ್ಷೆ ವ್ಯವಸ್ಥೆ) ಸುಮ್ಮನಿರಲ್ಲ.

18ಕ್ಕೆ ಇಳಿದ್ರೆ ಮುಂದಿನ ಸೈಡ್‌ವಾಲ್ 82ರಿಂದ 106 ಮಿ.ಮೀ. ಆಗುತ್ತೆ, ಗುಂಡಿಗೆ ಇದೇ ಮದ್ದು. ಕಾರು ಕೇಮನ್ ಎಸ್ ಆಗಿದ್ರೆ ಬ್ರೇಕ್ ದೊಡ್ಡದು, ಖರೀದಿಗೆ ಮುಂಚೆ ಖಾಲಿ ರಿಮ್ ಹಾಕಿ ಕ್ಯಾಲಿಪರ್‌ಗೆ ತಾಗದೆ ತಿರುಗುತ್ತಾ ನೋಡಿ. ಎನ್ ಗುರುತಿನ (ಪೋರ್ಷೆ ಒಪ್ಪಿದ) ಟೈರ್ ಆದ್ರೆ ಒಂದೇ ಅಚ್ಚಿನಲ್ಲಿ ಎನ್0, ಎನ್1 ಬೆರೆಸಬೇಡಿ. 2020ರ ಜೂನ್‌ನಲ್ಲಿ ಟೈರ್ ಆಮದನ್ನ ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ಭಾರತದಲ್ಲಿ ಇಂಥ ಸೈಜ್‌ಗೆ ಕಾಯೋದು ಮಾಮೂಲಿ. ಮೊದಲು ಹಿಂದಿನ 265/45 ಕೈಗೆ ಸಿಗುತ್ತಾ ಕೇಳಿ, ಆಮೇಲೆ ರಿಮ್‌ಗೆ ದುಡ್ಡು ಕೊಡಿ.

ಜರ್ಸಿ_ಎಪಿ2
ಎಲ್ಲ ಓದಿದೆ. ಈ ಸಲ 215/245 ಕಂಪನಿ ಸೈಜೇ, ನಾಲ್ಕೂ ಒಂದೇ ಕಂಪನಿ ಒಂದೇ ಮಾಡೆಲ್, ಜೊತೆಗೆ ಅಡ್ಜಸ್ಟರ್ ಬೋಲ್ಟ್ ಮತ್ತು ಅಲೈನ್‌ಮೆಂಟ್. ಟ್ರ್ಯಾಕ್‌ಗೆ ಗಾಳಿ ಎಷ್ಟರಿಂದ ಶುರು ಮಾಡಲಿ?

ಅಲೈನ್‌ಮೆಂಟ್_ಅಕ್ಕ
ರಸ್ತೆಗೆ ಬಾಗಿಲ ಸ್ಟಿಕರ್‌ನ 32/32, ತಣ್ಣಗಿದ್ದಾಗ. ಟ್ರ್ಯಾಕ್‌ಗೆ ತಣ್ಣಗಿನ ಅಂಕಿ ಮರೆತು ಬಿಸಿ ಅಂಕಿ ಹಿಡಿಯಿರಿ. 28ರಿಂದ ಶುರು ಮಾಡಿ, ಪಿಟ್‌ಗೆ ಬಂದ ತಕ್ಷಣ ಅಳೆಯಿರಿ, 33–34 ಆಸುಪಾಸಿಗೆ ತನ್ನಿ. ಹೊರಗಿನ ತಾಪ 5–6 ಡಿಗ್ರಿ ಸೆಲ್ಸಿಯಸ್ ಏರಿದ್ರೆ ಒಂದು ಪಿಎಸ್‌ಐ ಏರುತ್ತೆ, ಬೆಳಗ್ಗೆ ಸರಿ ಇದ್ದದ್ದು ಮಧ್ಯಾಹ್ನ ಸರಿ ಇರಲ್ಲ.

ಸೈಡ್‌ವಾಲ್ ಅಂಚಿನ ಸಣ್ಣ ತ್ರಿಕೋನದ ಗುರುತಿನ ಮೇಲೆ ಸೀಮೆಸುಣ್ಣ ಎಳೆಯಿರಿ. ಸುಣ್ಣ ತ್ರಿಕೋನದ ಆಚೆಗೂ ಅಳಿಸಿದ್ರೆ ಟೈರ್ ಮಗುಚ್ತಿದೆ, ಗಾಳಿ ಅಥವಾ ಕ್ಯಾಂಬರ್ ಸಾಲದು. ಅಲ್ಲೀವರೆಗೂ ಬಂದೇ ಇಲ್ಲ ಅಂದ್ರೆ ಗಾಳಿ ಹೆಚ್ಚು. ಸೂಜಿ ಥರ್ಮಾಮೀಟರ್ ಇದ್ರೆ ಒಳಗೆ, ನಡುವೆ, ಹೊರಗೆ ಮೂರು ಕಡೆ ಚುಚ್ಚಿ ನೋಡಿ: ನಡು ಬಿಸಿ ಇದ್ರೆ ಗಾಳಿ ಇಳಿಸಿ, ಹೊರ ಅಂಚು ಬಿಸಿ ಇದ್ರೆ ಕ್ಯಾಂಬರ್ ಬೇಕು.

ಮೂತಿ ಹೊರಗೆ ಹೋಗ್ತಿದ್ರೆ ಮುಂದೆ ಒಂದು ಪಿಎಸ್‌ಐ ಮಾತ್ರ ಬದಲಾಯಿಸಿ ನೋಡಿ, ಒಂದೇ ಸಲ ಮುಂದೂ ಹಿಂದೂ ಮುಟ್ಟಬೇಡಿ.

ಹುಬ್ಳಿ_9000
ಇನ್ನೊಂದು. ಹಿಂದ ಟಾರ್ಸನ್ ಡಿಫರೆನ್ಷಿಯಲ್ (ಎಡ ಬಲ ಚಕ್ರಕ್ಕ ಎಂಜಿನ್ ಬಲ ಹಂಚೂ ಗೇರ್ ಜೋಡಣಿ) ಐತಿ, ಹಿಂದಿನ ಒಂದು ಟೈರ್ ಪಂಕ್ಚರ್ ಆಗಿ ಹೋತಂದ್ರ ಜೋಡಿನ ಬದಲಿಸ್ರಿ. ಎಡ ಬಲ ವ್ಯಾಸ ಬ್ಯಾರೆ ಆದ್ರ ಗೇರ್ ಎಣ್ಣಿ ಕಾದು ಅದರ ಒಳಗಿನ ಹಲ್ಲು ಸುಮ್ಮನ ಸವೀತಾವ. ಹೊಸ ಟೈರ್ ಹಾಕಿಸಿ 80–100 ಕಿ.ಮೀ. ಓಡಿದ ಮ್ಯಾಲೆ ನಟ್‌ಗಳನ್ನ ಮತ್ತೊಮ್ಮೆ 108ಕ್ಕ ಟಾರ್ಕ್ ರೆಂಚ್ ಹಚ್ಚಿ ನೋಡ್ರಿ, ಅದೂ ಚಕ್ರ ತಣ್ಣಗಾದ ಮ್ಯಾಲೆ.